ಪಡುಬಾಗಿಲು ತೆಗೆಯಬೇಡಿ

ಚೆಂಬೂರು, ಬೊಂಬಾಯಿ
12-5-1974

ಶ್ರೀ ಹೃಷೀಕೇಶ ಉಪಾಧ್ಯರಿಗೆ ಕುಶಲಾ ಶೆಟ್ಟಿಯ ನಮಸ್ಕಾರಗಳು.

ಉರ್ವದ ನಮ್ಮ ಮನೆ ನಿಮಗೆ ಬಾಡಿಗೆಗೆ ಒಪ್ಪಿಗೆಯಾಯಿತೆಂದು ಪಕ್ಕದ ಮನೆಯ ಲೂರ್ಡ್ಸ್ ಬಾಯಿ ಮಗಳ ಕೈಯಲ್ಲಿ ಬರೆಸಿ ತಿಳಿಸಿದ್ದಾರೆ. ಹೈಸ್ಕೂಲಿನ ಕನ್ನಡ ಪಂಡಿತರು, ಗಂಡ ಹೆಂಡತಿ ಇಬ್ಬರೇ, ಜೋರಾಗಿ ಕೆಮ್ಮುವುದು ಕೂಡ ಇಲ್ಲ ಎಂದು ಅವರ ಶಿಫಾರಸು. ನನಗೆ ಸಂತೋಷ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ಅರ್ಚಕರ ಮನೆತನದವರು. ನಮ್ಮ ಅಡುಗೆಕೋಣೆಯಲ್ಲಿ ನಲವತ್ತು ವರ್ಷ ಮೀನು ಬೆಂದಿದೆ. ಸೆಗಣಿ ಸಾರಿಸಿ, ಮಂತ್ರ ಹೇಳಿ, ಏನು ಬೇಕಾದರೂ ಮಾಡಿಕೊಳ್ಳಿ, ನನಗೆ ಬೇಸರವಿಲ್ಲ. ಬೂತಾಯಿ ಮೀನಿನ ವಾಸನೆ ಮಂತ್ರಕ್ಕೆ ಹೆದರುವ ಜಾತಿಯದಲ್ಲ, ಅಷ್ಟೆ.

ಆ ಮನೆ ನನ್ನ ಅಮ್ಮ ಗುಲಾಬಿಯದು. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವುದು ನಿಮಗೆ ಗೊತ್ತೇ ಉಂಟು. ಅಮ್ಮ ಹೋಗಿ ಎರಡು ವರ್ಷವಾಯಿತು. ನನ್ನ ಯಜಮಾನರು ಸಂಕಪ್ಪ ಶೆಟ್ಟರ ಹೋಟೆಲು ಇಲ್ಲಿರುವುದರಿಂದ ನಾನೂ ಇಲ್ಲಿದ್ದೇನೆ. ಮನಸ್ಸು ಮಾತ್ರ ಪೆಟ್ಟಿಗೆ ಕಟ್ಟಿಕೊಂಡು ಬರಲು ಒಪ್ಪಲಿಲ್ಲ, ಅಲ್ಲಿಯೇ ಉಳಿದಿದೆ. ಆದ್ದರಿಂದ ಗೋಡೆಗೆ ಒಂದು ಮೊಳೆ ಹೊಡೆಯುವುದಿದ್ದರೂ ಮೊದಲು ನನಗೊಂದು ಕಾರ್ಡು ಹಾಕಿ. ನನ್ನನ್ನು ಕೇಳದೆ ಯಾವ ರಿಪೇರಿಯೂ ಆಗಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಡುಗೆಕೋಣೆಯಿಂದ ಬಾವಿಕಟ್ಟೆಗೆ ಇಳಿಯುವ ಪಡುಬಾಗಿಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಅದು ನನ್ನ ಅಮ್ಮನ ಬಾಗಿಲು. ಅಮ್ಮ ಈಗಲೂ ಅಲ್ಲಿಯೇ ಕೂತಿದ್ದಾಳೆ ಎಂದು ನನಗೆ ಅನಿಸುತ್ತದೆ. ಹೆಚ್ಚು ಬರೆದರೆ ಅಳು ಬರುತ್ತದೆ, ಬರೆಯುವುದಿಲ್ಲ.

ಮನೆಯವರನ್ನು ಕೇಳಿದೆನೆಂದು ಹೇಳಿ.

ಕುಶಲಾ ಶೆಟ್ಟಿ


ಉರ್ವ, ಮಂಗಳೂರು
3-6-1974

ಶ್ರೀಮತಿ ಕುಶಲಾ ಶೆಟ್ಟಿಯವರ ಸನ್ನಿಧಿಗೆ ಹೃಷೀಕೇಶ ಉಪಾಧ್ಯನ ನಮಸ್ಕಾರಗಳು.

ತಮ್ಮ ಪತ್ರ ಕೈಸೇರಿತು. ಮೊನ್ನೆ ಶುಕ್ರವಾರ ಹಾಲು ಉಕ್ಕಿಸಿ ಮನೆಯೊಳಗೆ ಬಂದೆವು. ಬೂತಾಯಿಯ ವಿಷಯ ತಾವು ಬರೆದದ್ದನ್ನು ನನ್ನ ಪತ್ನಿ ವಾರಿಜಾಕ್ಷಿಗೆ ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ನಕ್ಕಳು. ನಾನೂ ಆಮೇಲೆ ನಕ್ಕೆ.

ಪಡುಬಾಗಿಲಿನ ಬಗ್ಗೆ. ತಾವು ಕಾರಣವನ್ನು ಬಿಡಿಸಿ ಬರೆಯಲಿಲ್ಲ, ನಾನು ಕೇಳುವುದೂ ಇಲ್ಲ. ದೇವಸ್ಥಾನದ ಅಂಗಳದಲ್ಲಿ ಆಡಿ ಬೆಳೆದವನಿಗೆ ಇಂತಹ ಮಾತುಗಳು ಅರ್ಥವಾಗುತ್ತವೆ. "ಎಂತಕ್ಕಂತೆ?" ಎಂದು ವಾರಿಜಾಕ್ಷಿ ಕೇಳಿದಳು. "ಅದು ಅವರ ಮನೆತನದ ವಿಷಯ. ನಾವು ಕೆದಕಬಾರದು" ಎಂದೆ. ತಮ್ಮ ಮಾತನ್ನು ಅಕ್ಷರಶಃ ಪಾಲಿಸುತ್ತೇನೆ. ಈ ವಿಷಯದಲ್ಲಿ ತಾವು ನಿಶ್ಚಿಂತರಾಗಿರಬೇಕು.

ಇಂತು ತಮ್ಮ ವಿಶ್ವಾಸಿ
ಹೃ. ಉಪಾಧ್ಯ


ಉರ್ವ
20-9-1975

ಮಾನ್ಯರೇ,

ಒಂದು ತಪ್ಪೊಪ್ಪಿಗೆ. ಅಡುಗೆಕೋಣೆಯ ಮಾಡಿನಲ್ಲಿ ಎರಡು ಹಂಚು ತೆಗೆಸಿ ಅವುಗಳ ಜಾಗದಲ್ಲಿ ಗಾಜಿನ ಹಂಚು ಹಾಕಿಸಿದ್ದೇನೆ. ತಮ್ಮ ಅಪ್ಪಣೆ ಕೇಳಲಿಲ್ಲ. ಹಂಚಿನ ಕೆಲಸದ ಮೂಸಬ್ಬ ಆಚೆಮನೆಗೆ ಬಂದಿದ್ದ, ಕಾಗದ ಬರೆದು ಉತ್ತರ ಬರುವಷ್ಟರಲ್ಲಿ ಅವನು ಸಿಗುತ್ತಿರಲಿಲ್ಲ. ಒಳಗೆ ಸ್ವಲ್ಪ ಕತ್ತಲೆಯಾಗುತ್ತಿತ್ತು. ತೆಗೆದ ಹಂಚುಗಳನ್ನು ಅಟ್ಟದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ತಾವು ಬೇಡವೆಂದರೆ ಮೊದಲಿನಂತೆ ಮಾಡಿಸುತ್ತೇನೆ.

ಹೃ. ಉಪಾಧ್ಯ


ಬೊಂಬಾಯಿ
4-10-1975

ಪಂಡಿತರಿಗೆ ನಮಸ್ಕಾರ.

ನಮ್ಮ ಅಡುಗೆಕೋಣೆಯಲ್ಲಿ ಕತ್ತಲೆಯೇ? ನೀವು ಬೇರೆ ಯಾರದೋ ಮನೆಗೆ ಹೋಗಿ ಕೂತಿದ್ದೀರೋ ಏನೋ, ಒಮ್ಮೆ ಹೊರಗೆ ಬಂದು ನೋಡಿಕೊಳ್ಳಿ. ನಾಲ್ಕು ಗಂಟೆಯ ನಂತರ ನಮ್ಮ ಅಡುಗೆಕೋಣೆಗೆ ಬೀಳುವಷ್ಟು ಬಿಸಿಲು ಉರ್ವದಲ್ಲಿ ಇನ್ನು ಯಾರ ಮನೆಗೂ ಬೀಳುವುದಿಲ್ಲ. ಒಲೆಯ ಹಿಂದೆ ಸೌದೆ ಇಡುವ ಮೂಲೆಯವರೆಗೂ ಅದು ಬರುತ್ತಿತ್ತು. ಅಮ್ಮ ಗೆರಸೆಯಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುವಾಗ ಅವಳ ಮೂಗುಬೊಟ್ಟಿನ ಹೊಳಪು ಗೋಡೆಯ ಮೇಲೆ ಓಡಾಡುವುದು, ನಾನು ಅದನ್ನು ಅಂಗೈಯಿಂದ ಹಿಡಿಯಲು ಹೋಗುವುದು. ಇಲ್ಲಿ ನನ್ನ ಅಡುಗೆಮನೆಯ ಕಿಟಿಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಪೈಪು. ಹಗಲು ಹನ್ನೆರಡಕ್ಕೂ ದೀಪ ಹಾಕಬೇಕು. ಆ ಬಿಸಿಲು ಸುಮ್ಮನೆ ಸಿಕ್ಕಿದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ.

ಹಾಕಿಸಿದ ಗಾಜು ಇರಲಿ, ಮತ್ತೆ ಹಂಚು ಮೆಟ್ಟಿ ಇನ್ನು ನಾಲ್ಕು ಒಡೆಯುವುದು ಬೇಡ. ಆದರೆ ಕೇಳದೆ ಮಾಡಬಾರದು ಎಂದು ನಾನು ಬರೆದದ್ದು ಕನ್ನಡದಲ್ಲಿಯೇ. ಪಂಡಿತರಿಗೆ ಅರ್ಥವಾಗದ ಕನ್ನಡವೇನೂ ಅಲ್ಲವಲ್ಲ.

ಕುಶಲಾ


ಉರ್ವ
30-7-1978

ಮಾನ್ಯ ಕುಶಲಾ ಶೆಟ್ಟಿಯವರಿಗೆ ನಮಸ್ಕಾರಗಳು.

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಮೂರನೆಯ ಸಲ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಅಡುಗೆಕೋಣೆಯ ಬಡಗು ಗೋಡೆಯನ್ನು ಒಡೆಸಿ ಒಂದು ಕಿಟಿಕಿ ಇಡಿಸಿದ್ದೇನೆ. ಬಡಗು ಬದಿಯಲ್ಲೇ ಮನೆಯ ಉದ್ದಕ್ಕೂ ತಗಡಿನ ಮಾಡು ಇಳಿಸಿ ಕೆಳಗೆ ಕೆಂಪು ಕಲ್ಲು ಹಾಸಿಸಿದ್ದೇನೆ. ಅಪ್ಪಣೆ ಕೇಳಲಿಲ್ಲ. ಮರೆತು ಅಲ್ಲ, ಕೇಳಿದರೆ ತಾವು ಬೇಡ ಎನ್ನುತ್ತೀರಿ ಎಂಬ ಭಯದಿಂದ. ಬೇಡ ಎಂದ ಮೇಲೆ ಮಾಡಿದರೆ ಅದು ದ್ರೋಹವಾಗುತ್ತಿತ್ತು.

ಇದಕ್ಕೆಲ್ಲ ಒಂದು ಕಾರಣ ಉಂಟು. ಅದನ್ನು ಬರೆದರೆ ತಮಗೆ ನೋವಾದೀತೆಂದು ಬರೆಯುವುದಿಲ್ಲ. ಮನೆಯನ್ನು ನಾವು ಹಾಳು ಮಾಡುತ್ತಿಲ್ಲ ಎಂಬಷ್ಟು ನಂಬಿದರೆ ಸಾಕು. ವಾರಿಜಾಕ್ಷಿಯ ಕಾಲು ಈಗ ವಾಸಿ.

ಹೃ. ಉಪಾಧ್ಯ


ಬೊಂಬಾಯಿ
11-8-1978

ಉಪಾಧ್ಯರಿಗೆ,

ಗೋಡೆ ಒಡೆದದ್ದು ನೀವು, ನೋವಾದೀತೆಂದು ಕಾರಣ ಬರೆಯದವರೂ ನೀವು. ಇದಕ್ಕೆ ಏನು ಹೇಳಲಿ? ತಗಡಿನ ಮಾಡಿನ ಕೆಳಗೆ ಏನು ಕಟ್ಟುತ್ತೀರಿ, ದನವನ್ನೋ? ನಮ್ಮ ಯಜಮಾನರು, "ಬೇರೆಯವರಿಗೆ ಬಾಡಿಗೆಗೆ ಕೊಡ್ಲಿಕ್ಕೆ ಎಂತದೋ ಕೋಣೆ ಕಟ್ತಿದ್ದಾರೆ, ನೋಡು ಬೇಕಾದ್ರೆ" ಎನ್ನುತ್ತಿದ್ದಾರೆ. ನಾನು ಹಾಗೆ ಅಂದುಕೊಂಡಿಲ್ಲ. ಆದರೆ ಅಮ್ಮ ಕಟ್ಟಿಸಿದ ಗೋಡೆಗೆ ಹಾರೆ ಹಾಕಿದರಲ್ಲ ಎಂದು ಎರಡು ದಿನ ನನಗೆ ಊಟ ಸೇರಲಿಲ್ಲ.

ವಾರಿಜಾಕ್ಷಿಯಮ್ಮನವರ ಕಾಲಿಗೆ ಏನಾಗಿತ್ತು? ಅದನ್ನೂ ಬರೆಯಲಿಲ್ಲ.

ಇನ್ನು ಏನಾದರೂ ಮಾಡಿದರೆ ನನಗೆ ತಿಳಿಸುವುದೇ ಬೇಡ. ತಿಳಿದರೆ ಸಿಟ್ಟು ಬರುತ್ತದೆ.

ಕುಶಲಾ ಶೆಟ್ಟಿ


ಬೊಂಬಾಯಿ
9-4-1981

ಪಂಡಿತರಿಗೂ ವಾರಿಜಾಕ್ಷಿಯಮ್ಮನವರಿಗೂ ಬಿಸು ಹಬ್ಬದ ಶುಭಾಶಯ.

ಮೂರು ವರ್ಷ ಕಾಗದ ಬರೆಯದೆ ಹಟ ಹಿಡಿದು ಕೂತಿದ್ದೆ. ಹಟ ಹಿಡಿದದ್ದು ನಿಮಗೆ ಗೊತ್ತೇ ಆಗದಿದ್ದರೆ ಅದರಿಂದ ಏನು ಪ್ರಯೋಜನ ಎಂದು ಈಗ ಬರೆಯುತ್ತಿದ್ದೇನೆ. ಈ ಸಲ ನಮ್ಮ ಹೋಟೆಲಿಗೆ ಊರಿನ ಹಲಸಿನ ಹಪ್ಪಳ ಬಂದಿತ್ತು. ಒಂದು ಸುಟ್ಟು ತಿಂದೆ, ಪಡುಬಾಗಿಲು ನೆನಪಾಯಿತು. ಅಮ್ಮ ಹಪ್ಪಳದ ಚಾಪೆಯನ್ನು ಆ ಬಾಗಿಲಿನ ಹೊರಗೆ ಬಾವಿಕಟ್ಟೆಯ ಮೇಲೆ ಹರಡಿ, ಕೈಯಲ್ಲಿ ಕೋಲು ಹಿಡಿದು, ಕಾಗೆಗಳ ಏಳು ತಲೆಮಾರಿಗೆ ಬಯ್ಯುತ್ತ ಕೂರುತ್ತಿದ್ದಳು.

ಒಂದೇ ಒಂದು ತಿಳಿಸಿ. ಆ ಬಾಗಿಲು ಹೇಗೆ ಉಂಟು?

ಕುಶಲಾ


ಉರ್ವ
18-4-1981

ಮಾನ್ಯರೇ,

ತಮ್ಮ ಅಕ್ಷರ ಕಂಡು ಮನೆಗೆ ಯಾರೋ ಬಂದಷ್ಟು ಸಂತೋಷವಾಯಿತು. ಪಡುಬಾಗಿಲು ತಾವು ಹೇಳಿದಂತೆಯೇ ಉಂಟು. ಈ ಏಳು ವರ್ಷಗಳಲ್ಲಿ ನಾನು ಅದನ್ನು ಮುಟ್ಟಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಬೇರೆ ವಿಷಯಗಳಲ್ಲಿ ತಪ್ಪಿದ್ದೇನೆ. ಆ ಒಂದು ಮಾತಿಗೆ ತಪ್ಪಲಿಲ್ಲ ಎಂಬ ಸಮಾಧಾನ ನನಗುಂಟು.

ಹೃ. ಉಪಾಧ್ಯ


ಬೊಂಬಾಯಿ
2-11-1984

ಉಪಾಧ್ಯರಿಗೆ,

ಲೂರ್ಡ್ಸ್ ಬಾಯಿ ಇಲ್ಲಿ ಮಗಳ ಬಾಣಂತನಕ್ಕೆ ಬಂದವರು ನಿನ್ನೆ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಕುಶಲ, ನಿನ್ನ ಮನೆ ಈಗ ಎಂತ ಪಸಂದ್ ಉಂಟು ಮಾರಾಯ್ತಿ! ಮಾಸ್ಟ್ರು ಬಾಗಿಲಿಗೆ, ದಾರಂದಕ್ಕೆ ಎಲ್ಲ ಪಚ್ಚೆ ಪೈಂಟ್ ಹೊಡ್ಸಿದ್ದಾರೆ. ಸೈಮನ್‌ನದ್ದೇ ಕೆಲಸ. ಮುಖ ಕಾಣ್ತದೆ ಅದ್ರಲ್ಲಿ."

ನನ್ನ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. "ಪಡುಬಾಗಿಲಿಗೂ?" ಎಂದೆ. "ಅದಕ್ಕೂ. ಆದ್ರೆ ಅದು ಯಾವಾಗ್ಲೂ ಮುಚ್ಚಿಯೇ ಇರ್ತದೆ. ಸಂಜೆ ನಾನು ಇಗರ್ಜಿಗೆ ಪ್ರಾರ್ಥನೆಗೆ ಹೋಗುವಾಗ ನೋಡ್ತೇನಲ್ಲ. ನಿನ್ನ ಅಮ್ಮ ಹೋದ ಮೇಲೆ ಅಲ್ಲಿ ಯಾರೂ ಕೂತದ್ದು ನಾನು ಕಾಣ್ಲಿಲ್ಲ."

ಉಪಾಧ್ಯರೇ, ನನ್ನ ಅಮ್ಮ ಜನ್ಮದಲ್ಲಿ ಒಂದು ಫೋಟೋಕ್ಕೆ ಕೂತವಳಲ್ಲ. "ಫೋಟೋಕ್ಕೆ ಕೂತವರು ಬೇಗ ಹೋಗ್ತಾರೆ" ಎಂಬ ಹೆದರಿಕೆ ಅವಳಿಗೆ. ಅವಳದ್ದು ಎಂದು ಈ ಲೋಕದಲ್ಲಿ ಉಳಿದಿದ್ದದ್ದು ಒಂದೇ. ಮಧ್ಯಾಹ್ನದ ಕೆಲಸ ಮುಗಿಸಿ ಆ ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಹಾಕುವಾಗ, ಬೆರಳಲ್ಲಿ ಉಳಿದ ಸುಣ್ಣವನ್ನು ಪಕ್ಕದ ದಾರಂದಕ್ಕೆ, ಬಾಗಿಲ ಚೌಕಟ್ಟಿನ ಮರಕ್ಕೆ, ಒರೆಸುವುದು ಅವಳ ಅಭ್ಯಾಸ. ಮೂವತ್ತು ನಲವತ್ತು ವರ್ಷದ ಸುಣ್ಣ, ಒಂದರ ಮೇಲೊಂದು. "ಎಂತ ಗಲೀಜು ಮಾಡ್ತಿ ಅಮ್ಮ" ಎಂದರೆ, "ಇರ್ಲಿ, ನಾನು ಇಲ್ಲದಾಗ ನಿನಗೆ ನೋಡ್ಲಿಕ್ಕೆ ಆಗ್ತದೆ" ಎನ್ನುವಳು. ಅವಳು ಹೋದಾಗ ನಾನು ಮೊದಲು ಓಡಿದ್ದು ಅಲ್ಲಿಗೆ. ಆ ಗುರುತಿನ ಮೇಲೆ ನನ್ನ ಬೆರಳಿಟ್ಟು ಅತ್ತಿದ್ದೇನೆ.

ಅದಕ್ಕಾಗಿಯೇ ಮೊದಲ ಪತ್ರದಲ್ಲಿ ಬರೆದೆ, ಆ ಬಾಗಿಲು ತೆಗೆಯಬೇಡಿ ಎಂದು. ನಿಮಗಿಂತ ಮೊದಲು ಇದ್ದ ಗುಮಾಸ್ತ ಬಚ್ಚಲಿನ ಬಾಗಿಲನ್ನು ಕಳಚಿ ಅದರ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದ. ಪಡುಬಾಗಿಲನ್ನೂ ದಾರಂದ ಸಮೇತ ತೆಗೆದು, ಗೋಡೆ ಎಬ್ಬಿಸಿ ಕಪಾಟು ಮಾಡುತ್ತೇನೆ ಎಂದು ಹೊರಟಿದ್ದ. ನೀವು ತೆಗೆಯಲಿಲ್ಲ, ಸರಿ. ತೆಗೆದಿದ್ದರೆ ಇದಕ್ಕಿಂತ ಹೆಚ್ಚು ಏನು ಹಾಳಾಗುತ್ತಿತ್ತು? ಕೇಳದೆ ಗಾಜು ಹಾಕಿದಿರಿ, ಕೇಳದೆ ಗೋಡೆ ಒಡೆದಿರಿ, ಈಗ ಕೇಳದೆ ನನ್ನ ಅಮ್ಮನನ್ನೇ ಒರೆಸಿಬಿಟ್ಟಿರಿ.

ಜನವರಿ ಕೊನೆಯೊಳಗೆ ಮನೆ ಖಾಲಿ ಮಾಡಿಕೊಡಿ. ಇದರಲ್ಲಿ ಮಾತಿಲ್ಲ.

ಕುಶಲಾ ಶೆಟ್ಟಿ


ಉರ್ವ
12-11-1984

ಕುಶಲಾ ಶೆಟ್ಟಿಯವರಿಗೆ,

ಮನೆಯನ್ನು ಖಂಡಿತ ಬಿಟ್ಟುಕೊಡುತ್ತೇನೆ. ನನಗೆ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಎಲ್ಲಿಗೆ ಹೋಗುವುದೆಂದು ತಿಳಿಯದು, ಆದರೂ ಬಿಡುತ್ತೇನೆ. ನಿವೃತ್ತಿಯಾದ ಮೇಲೆ ಹೇಗೂ ಬಿಡಬೇಕು, ಅದಕ್ಕೆ ಮೊದಲು ಮನೆಯನ್ನು ಚೆಂದ ಮಾಡಿ ಕೊಡೋಣ ಎಂದೇ ಬಣ್ಣ ಹೊಡೆಸಿದ್ದು. ಚೆಂದ ಮಾಡಲು ಹೋಗಿ ಏನು ಮಾಡಿದೆ ಎಂದು ಈಗ ತಿಳಿಯಿತು. ತಮ್ಮ ಪತ್ರ ಬಂದ ಕೂಡಲೇ ದೀಪ ಹಿಡಿದು ಪಡುಬಾಗಿಲಿನ ಮುಂದೆ ನಿಂತು ನೋಡಿದೆ. ಹೊರಗಿನಿಂದಲೂ ಹೋಗಿ ನೋಡಿದೆ. ದಾರಂದದ ಮೇಲೆ ಪಚ್ಚೆ ಬಣ್ಣ ಬಿಟ್ಟು ಏನೂ ಇಲ್ಲ. ಸುಣ್ಣದ ಗುರುತು ಎಲ್ಲಿಯೂ ಕಾಣಲಿಲ್ಲ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ.

ಆದರೆ ಇನ್ನೊಂದು ತಪ್ಪು ಉಂಟು. ಅದು ತಮಗಿನ್ನೂ ಗೊತ್ತಿಲ್ಲ. ಪಡುಬಾಗಿಲು ತೆಗೆಯಬೇಡಿ ಎಂದು ತಾವು ಬರೆದದ್ದನ್ನು, ಬಾಗಿಲನ್ನು ತೆರೆಯಬೇಡಿ ಎಂದೇ ನಾನು ತಿಳಿದೆ. ಅಮ್ಮ ಅಲ್ಲಿ ಈಗಲೂ ಕೂತಿದ್ದಾಳೆ ಎಂದು ಬೇರೆ ಬರೆದಿದ್ದಿರಿ. ಇದು ಹೋದವರ ವಿಷಯ, ಮನೆತನದ ಕಟ್ಟಳೆ, ಬಾಯಿಬಿಟ್ಟು ಕೇಳಬಾರದು ಎಂದುಕೊಂಡೆ. ಮನೆಗೆ ಬಂದ ದಿನವೇ ಅದಕ್ಕೆ ಅಗಳಿ ಹಾಕಿದೆ. ಪ್ರತಿ ಸಂಕ್ರಮಣಕ್ಕೆ ಅದರ ಮುಂದೆ ಒಂದು ದೀಪ ಹಚ್ಚಿ ಎರಡು ಹೂ ಇಟ್ಟು, ಗುಲಾಬಿ ಅಮ್ಮನವರಿಗೆ ಕೈಮುಗಿಯುತ್ತ ಬಂದಿದ್ದೇನೆ.

ಗಾಜಿನ ಹಂಚು ಹಾಕಿಸಿದ್ದು, ಬಾಗಿಲು ಮುಚ್ಚಿದ ಕೋಣೆಗೆ ಬೆಳಕಿಲ್ಲದ್ದಕ್ಕೆ. "ಎಂತ ಮಾಸ್ಟ್ರೇ, ಇಷ್ಟು ದೊಡ್ಡ ಬಾಗಿಲು ಉಂಟಲ್ಲ, ತೆಗ್ದ್ರೆ ಆಯ್ತಲ್ಲ?" ಎಂದು ಮೂಸಬ್ಬ ಅಂದೇ ಕೇಳಿದ್ದ. ಅವನಿಗೆ ಶಾಸ್ತ್ರ ತಿಳಿಯದು ಎಂದುಕೊಂಡೆ. ಕಿಟಿಕಿ ಇಡಿಸಿದ್ದು ಹೊಗೆ ಹೋಗಲು. ತಗಡಿನ ಮಾಡು ಕಟ್ಟಿಸಿದ್ದು, ಮೂರು ಹೆಜ್ಜೆಯ ಬಾವಿಗೆ ವಾರಿಜಾಕ್ಷಿ ಮುಂಬಾಗಿಲಿನಿಂದ ಮನೆ ಸುತ್ತಿ ಹೋಗಬೇಕಾಗಿದ್ದದ್ದಕ್ಕೆ. ಎಪ್ಪತ್ತೆಂಟರ ಮಳೆಗಾಲದಲ್ಲಿ ಒಂದು ಭಾನುವಾರ ಕೊಡಪಾನ ಹಿಡಿದು ಬರುವಾಗ ಅವಳು ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಉಳುಕಿತ್ತು. ಹತ್ತು ವರ್ಷ ಅವಳು ಹಾಗೆ ಸುತ್ತಿದಳು. ಒಂದು ದಿನ ಗೊಣಗಲಿಲ್ಲ.

ಬಾಗಿಲು ತೆಗೆ, ಅಂಗಿ ತೆಗೆ, ಫೋಟೋ ತೆಗೆ, ತಕರಾರು ತೆಗೆ. ಒಂದೇ ಶಬ್ದಕ್ಕೆ ಎಷ್ಟು ಅರ್ಥ ಎಂದು ಮೂವತ್ತು ವರ್ಷ ಮಕ್ಕಳಿಗೆ ಕೋಲು ಹಿಡಿದು ಕಲಿಸಿದವನು ನಾನು. ತುಳುವಿನಲ್ಲಿ ದೆಪ್ಪೊಡ್ಚಿ ಎಂದು ಬರೆದಿದ್ದರೂ ಇದೇ ತಪ್ಪು ಮಾಡುತ್ತಿದ್ದೆನೋ ಏನೋ. ಒಂದು ಕಾರ್ಡು ಹಾಕಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಬಾಗಿಲನ್ನು ನಾನಿನ್ನೂ ತೆಗೆದಿಲ್ಲ. ಹತ್ತು ವರ್ಷ ಮುಚ್ಚಿಟ್ಟವನಿಗೆ ಆ ಹಕ್ಕಿಲ್ಲ. ತಾವೇ ಬಂದು ತೆಗೆಯಬೇಕು. ತಮ್ಮ ಪತ್ರದ ವಿಷಯ ವಾರಿಜಾಕ್ಷಿಗೆ ಹೇಳುವ ಧೈರ್ಯವೂ ಬರಲಿಲ್ಲ. ಯಾವ ಮುಖದಿಂದ ಹೇಳಲಿ?

ಹೃಷೀಕೇಶ ಉಪಾಧ್ಯ


ಉರ್ವ
14-11-1984

ಕುಶಲಕ್ಕನಿಗೆ ವಾರಿಜಾಕ್ಷಿ ಮಾಡುವ ನಮಸ್ಕಾರಗಳು.

ನಾನು ನಿಮಗೆ ಬರೆಯುವುದು ಇದೇ ಮೊದಲು. ನಿಮ್ಮ ಕಾಗದವನ್ನು ಇವರು ವ್ಯಾಕರಣದ ಪುಸ್ತಕದೊಳಗೆ ಅಡಗಿಸಿಟ್ಟಿದ್ದರು. ನಾನು ಆ ಪುಸ್ತಕ ಮುಟ್ಟುವುದಿಲ್ಲವೆಂದು ಇವರ ನಂಬಿಕೆ. ಧೂಳು ಹೊಡೆಯುವವಳು ಮುಟ್ಟದೆ ಇರುತ್ತೇನೆಯೇ? ಓದಿ ಸ್ವಲ್ಪ ಅತ್ತೆ, ಆಮೇಲೆ ಸ್ವಲ್ಪ ನಕ್ಕೆ. ಈಗ ಹೇಳುವುದನ್ನು ನೀವು ಸಿಟ್ಟು ಮಾಡದೆ ಓದಬೇಕು.

ಪಡುಬಾಗಿಲನ್ನು ನಾನು ದಿನಾ ತೆಗೆಯುತ್ತೇನೆ ಅಕ್ಕ. ಬಂದ ನಾಲ್ಕನೆಯ ದಿನದಿಂದಲೇ.

ಇವರು ಒಂಬತ್ತೂವರೆಗೆ ಶಾಲೆಗೆ ಹೊರಟ ಕೂಡಲೇ ಅಗಳಿ ಸರಿಸುವುದು, ನಾಲ್ಕೂಮುಕ್ಕಾಲಿಗೆ ಇವರ ಕೊಡೆಯ ಸದ್ದು ಗೇಟಿನಲ್ಲಿ ಕೇಳಿದ ಕೂಡಲೇ ಹಾಕುವುದು. ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ಸದ್ದು ಬಾರದಂತೆ ಮಾಡಿಕೊಂಡಿದ್ದೇನೆ. ಲೂರ್ಡ್ಸ್ ಬಾಯಿ ಇಗರ್ಜಿಗೆ ಹೋಗುವುದು ಐದರ ಮೇಲೆ, ಅವರಿಗೆ ಮುಚ್ಚಿಯೇ ಕಾಣುವುದು ಸಹಜ. ಮನೆ ಸುತ್ತಿ ನೀರು ತಂದದ್ದು ಬೆಳಿಗ್ಗೆ, ಸಂಜೆ ಮತ್ತು ರಜೆಯ ದಿನ ಮಾತ್ರ. ಬಿದ್ದದ್ದು ಭಾನುವಾರ, ಇವರು ಬರೆದಿರಬೇಕಲ್ಲ.

ಮೊದಲು ನನಗೂ ಹೆದರಿಕೆಯಿತ್ತು. ನಾಲ್ಕನೆಯ ದಿನ ಹೊಗೆಯಲ್ಲಿ ಕಣ್ಣು ಉರಿದು, ಬಂದದ್ದು ಬರಲಿ ಎಂದು ತೆಗೆದೆ. ಬಾವಿಕಟ್ಟೆಯ ಮೇಲಿನಿಂದ ಗಾಳಿ ಬಂತು. "ಗುಲಾಬಿ ಅಮ್ಮ, ನೀವು ಇದ್ದರೆ ಇರಿ, ನಾನೂ ಒಂದು ಬದಿಗೆ ಕೂತುಕೊಳ್ತೇನೆ" ಎಂದು ಬಾಯಿಬಿಟ್ಟು ಹೇಳಿ ಹೊಸ್ತಿಲ ಮೇಲೆ ಕೂತೆ. ಅಲ್ಲಿಯೇ ಭುಜದ ಪಕ್ಕದಲ್ಲಿ ಸುಣ್ಣದ ಗುರುತು ಕಂಡಿತು.

ಅದು ಇವರಿಗೆ ಕಾಣಲಿಲ್ಲ ಯಾಕೆಂದರೆ, ಅದು ದಾರಂದದ ಮೇಲ್ಮೈಯಲ್ಲಿ ಇಲ್ಲ. ಬಾಗಿಲು ಮುಚ್ಚುವಾಗ ಹಲಗೆ ಹೋಗಿ ಕೂರುವ ತೋಡು ಉಂಟಲ್ಲ, ಎರಡು ಬೆರಳಗಲದ್ದು, ಅದರೊಳಗೆ ಉಂಟು. ಬಾಗಿಲು ಮುಚ್ಚಿದರೆ ಕಾಣುವುದೇ ಇಲ್ಲ. ನಿಮ್ಮ ಅಮ್ಮ ಗಲೀಜು ಮಾಡುವವರಾಗಿರಲಿಲ್ಲ ಅಕ್ಕ, ಬಂದವರಿಗೆ ಕಾಣದ ಜಾಗ ಹುಡುಕಿ ಒರೆಸಿದ್ದಾರೆ. ನೀವು ಆ ಗುರುತು ನೋಡಿದ್ದೆಲ್ಲ ಬಾಗಿಲು ತೆರೆದಿದ್ದಾಗಲೇ ಇರಬೇಕು, ಮುಚ್ಚಿದರೆ ಅದು ಮರೆಯಾಗುವುದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಅಮ್ಮನ ಸುಣ್ಣ ಹಾಗೆಯೇ ಉಂಟು. ಒಂದು ಚೂರೂ ಹೋಗಿಲ್ಲ. ಸೈಮನ್ ಬಣ್ಣಕ್ಕೆ ಬಂದ ದಿನ ಇವರು ಶಾಲೆಗೆ ರಜೆ ಹಾಕಿ ಪಕ್ಕದಲ್ಲೇ ನಿಂತು, "ಆ ಬಾಗಿಲು ತೆಗಿಬೇಡ ಮಾರಾಯ, ಮುಚ್ಚಿದ ಹಾಗೆಯೇ ಹೊಡಿ" ಎಂದು ಹತ್ತು ಸಲ ಹೇಳಿದರು. ತೆಗೆದಿದ್ದರೆ ಅವನು ತೋಡಿಗೂ ಪಚ್ಚೆ ಬಳಿಯುತ್ತಿದ್ದ. ಇವರಿಗೆ ನಿಮ್ಮ ಮಾತು ತಪ್ಪಾಗಿ ಅರ್ಥವಾದದ್ದರಿಂದಲೇ ಅದು ಉಳಿಯಿತು. ಮರುದಿನ ಬಣ್ಣ ಅಂಟಿ ಬಾಗಿಲು ಬಿಡಲೇ ಇಲ್ಲ, ದೋಸೆಯ ಸಟ್ಟುಗ ತೂರಿಸಿ ಬಿಡಿಸಿದೆ.

ಇನ್ನೊಂದು ಹೇಳುವುದಿದೆ. ಊಟವಾದ ಮೇಲೆ ನನಗೂ ಎಲೆಯಡಿಕೆ ಬೇಕು. ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು, ಅದು ಇವರಿಗೆ ಗೊತ್ತಿಲ್ಲ. ಅಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುವಾಗ ಬೆರಳಲ್ಲಿ ಉಳಿದದ್ದನ್ನು ಎಲ್ಲಿ ಒರೆಸಲಿ ಎಂದು ನೋಡಿದರೆ ಕೈ ತಾನಾಗಿ ಅಲ್ಲಿಗೇ ಹೋಯಿತು. ಅಮ್ಮನ ಗುರುತಿನ ಮೇಲೆ ಮುಟ್ಟಲಿಲ್ಲ, ಸ್ವಲ್ಪ ಕೆಳಗೆ ಒರೆಸಿದೆ. ಹತ್ತು ವರ್ಷದಿಂದ ಹಾಗೆಯೇ. ಈಗ ಅವರದ್ದಕ್ಕೂ ನನ್ನದಕ್ಕೂ ನಡುವೆ ಜಾಗ ಬಹಳ ಇಲ್ಲ. ನಾಲ್ಕು ಗಂಟೆಯ ಬಿಸಿಲು ಈಗಲೂ ಸೌದೆಯ ಮೂಲೆಯವರೆಗೆ ಬರುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ ಮಧ್ಯಾಹ್ನ ಬಹಳ ಉದ್ದ ಅಕ್ಕ. ನಿಮ್ಮ ಅಮ್ಮ ನನಗೆ ಜೊತೆಯಾಗಿದ್ದರು. ಆ ಬಣ್ಣವೊಂದು ಬಿಟ್ಟರೆ ಇವರು ಮಾಡಿಸಿದ್ದನ್ನೆಲ್ಲ ನಿಮಗೆ ಬರೆದು ತಿಳಿಸಿದ್ದಾರೆ. ಹತ್ತು ವರ್ಷ ಕೇಳದೆಯೂ ತಿಳಿಸದೆಯೂ ಮಾಡುತ್ತ ಬಂದವಳು ನಾನೊಬ್ಬಳೇ. ತಪ್ಪಾಗಿದ್ದರೆ ಕ್ಷಮಿಸಿ.

ಬಾಗಿಲು ನಾನು ತೆಗೆಯುತ್ತಿದ್ದದ್ದು ಇವರಿಗೆ ತಿಳಿಯುವುದು ಬೇಡ. ಜೀವನದಲ್ಲಿ ಒಂದು ಮಾತನ್ನಾದರೂ ಪೂರ್ತಿ ಪಾಲಿಸಿದೆ ಎಂದು ನಂಬಿದ್ದಾರೆ, ಆ ನಂಬಿಕೆ ಇರಲಿ. ಮೊನ್ನೆಯಿಂದ ಯಾಕೆಂದು ಹೇಳದೆ ಬೆಳಿಗ್ಗೆ ಎದ್ದು ತಾವೇ ನೀರು ಸೇದಿ, ಮನೆ ಸುತ್ತಿ ಹೊತ್ತು ತರುತ್ತಿದ್ದಾರೆ. ಸ್ವಲ್ಪ ದಿನ ತರಲಿ ಎಂದು ನಾನೂ ಸುಮ್ಮನಿದ್ದೇನೆ.

ನಿಮ್ಮ
ವಾರಿಜಾಕ್ಷಿ


ಬೊಂಬಾಯಿ
24-11-1984

ಪಂಡಿತರಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಮನೆಯವರಿಗೂ ಓದಿ ಹೇಳಿ. ಮನೆ ಬಿಡಬೇಕಾಗಿಲ್ಲ. ನಿವೃತ್ತಿಯಾದ ಮೇಲೂ ಬಿಡಬೇಕಾಗಿಲ್ಲ. ಗಾಜು, ಕಿಟಿಕಿ, ತಗಡಿನ ಮಾಡು, ಪಚ್ಚೆ ಬಣ್ಣ, ಇನ್ನು ಆ ಮನೆಯಲ್ಲಿ ನನಗೆ ತಿಳಿಸದೆ ಆದದ್ದು ಏನೆಲ್ಲ ಉಂಟೋ ಎಲ್ಲದಕ್ಕೂ ನನ್ನ ಒಪ್ಪಿಗೆ ಉಂಟು. ಬೂತಾಯಿ ಕೊಯ್ಯುತ್ತಿದ್ದ ನನ್ನ ಅಮ್ಮನಿಗೆ ಅರ್ಚಕರ ಮನೆಯವರಿಂದ ಸಂಕ್ರಮಣದ ದೀಪ ಸಿಕ್ಕಿದೆ, ಅವಳು ಎಲ್ಲಿದ್ದರೂ ಹೊಟ್ಟೆ ಹಿಡಿದು ನಗುತ್ತಿರುತ್ತಾಳೆ.

ಬಾಗಿಲು ತೆಗೆಯಲು ನನಗಾಗಿ ಕಾಯಬೇಡಿ. ಈ ಕಾರ್ಡು ಓದಿದ ಕೂಡಲೇ ನೀವೇ ಅಗಳಿ ಸರಿಸಿ ತೆರೆಯಿರಿ. ವಾರಿಜಾಕ್ಷಿಯಮ್ಮನವರನ್ನು ಹೊಸ್ತಿಲ ಮೇಲೆ ಕೂರಿಸಿ. ನಾನು ಬಿಸುವಿಗೆ ಬರುತ್ತೇನೆ, ನನಗೂ ಅಲ್ಲಿ ಸ್ವಲ್ಪ ಜಾಗ ಇಟ್ಟಿರಿ.

ತೆರೆದಾಗ ದಾರಂದದ ತೋಡಿನೊಳಗೆ ಸುಣ್ಣದ ಗುರುತುಗಳು ಕಾಣುತ್ತವೆ. ಅವೆಲ್ಲ ನನ್ನ ಅಮ್ಮನವು. ಕೆಳಗಿನವು ಕೆಲವು ಹೊಸದಾಗಿ ಕಂಡಾವು. ಅವೂ ಅಮ್ಮನವೇ.

ಕುಶಲಾ